ಎಂಜಿನ್ ಬಿಸಿಯಾದ ಮೇಲೂ ಚೋಕ್ ಕಾಟ: ಮೆಕ್ಯಾನಿಕ್‌ಗೆ ಕೇಳಿ

ಪ್ರಶ್ನೆ (ಚಿಕ್ಕಮಗಳೂರು): ಅಣ್ಣಾ, ನನ್ನದು 2012ರ 150 ಸಿಸಿ ಬೈಕು. ಚೋಕ್ ಲಿವರ್ ಹ್ಯಾಂಡಲ್ ಮೇಲಿದೆ. ಚಳಿಯಲ್ಲೂ ಚೋಕ್ ಹಾಕಿದರೂ ಬಿಟ್ಟರೂ ಒಂದೇ ಥರ ಸ್ಟಾರ್ಟ್ ಆಗುತ್ತದೆ. ಮೈಲೇಜ್ ತುಂಬಾ ಇಳಿದಿದೆ. ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಹತ್ತುವಾಗ ಮಿಸ್ ಹೊಡೆಯುತ್ತದೆ, ಕಪ್ಪು ಹೊಗೆ ಬರುತ್ತದೆ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನೇ ಬದಲಾಯಿಸಿ ಅಂದರು. ಬೇಕಾ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ ಮಾರಾಯ್ರೆ. ಚೋಕ್ ಹಾಕಿದರೂ ಬಿಟ್ಟರೂ ಒಂದೇ ಥರ ಅಂತ ನೀವೇ ಹೇಳಿದ್ದೀರಿ. ಅಂದರೆ ಅದು ಯಾವಾಗಲೂ ಸ್ವಲ್ಪ ತೆರೆದೇ ಇರಬಹುದು.

ಹ್ಯಾಂಡಲ್‌ನಲ್ಲಿ ಲಿವರ್ ಇರುವ ಬೈಕುಗಳಲ್ಲಿ ಹೆಚ್ಚಾಗಿ ಪ್ಲಂಜರ್ ಚೋಕ್ ಇರುತ್ತದೆ. ಲಿವರ್ ಎಳೆದರೆ ಕೇಬಲ್ ಪ್ಲಂಜರನ್ನು ಎತ್ತುತ್ತದೆ, ಹೆಚ್ಚುವರಿ ಪೆಟ್ರೋಲ್ ಹೋಗುವ ದಾರಿ ತೆರೆಯುತ್ತದೆ. ಬಿಟ್ಟಾಗ ಸ್ಪ್ರಿಂಗ್ ಅದನ್ನು ಒತ್ತಿ ಆ ದಾರಿ ಮುಚ್ಚಬೇಕು. ಕೇಬಲ್‌ಗೆ ತುಕ್ಕು ಹಿಡಿದಿದ್ದರೆ, ಅದು ಬಿಗಿಯಾಗಿದ್ದರೆ ಅಥವಾ ಪ್ಲಂಜರ್ ತುದಿಯ ರಬ್ಬರ್ ಸವೆದಿದ್ದರೆ ಪೂರ್ತಿ ಮುಚ್ಚುವುದಿಲ್ಲ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳು, ಆದರೆ ಕಾರ್ಬೊರೇಟರ್ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಕಡಿಮೆ ಮಾಡುವುದಿಲ್ಲ. ಮೊದಲೇ ಜಾಸ್ತಿ ಹೋಗುತ್ತಿದ್ದರೆ ಏರಿನಲ್ಲಿ ಕಾಯಿಲೆ ಎದ್ದು ಕಾಣುತ್ತದೆ.

ಮನೆಯಲ್ಲೇ ನೋಡಿ. ಎಂಜಿನ್ ಬಿಸಿ ಮಾಡಿ ಸ್ಲೋನಲ್ಲಿ ಬಿಡಿ, ಚೋಕ್ ಎಳೆಯಿರಿ. ಸದ್ದು ಬದಲಾಗಲೇಬೇಕು. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಆಗ ಸದ್ದು ಬದಲಾದರೆ ಯಾವುದೋ ಕೇಬಲ್ ಎಳೆಯುತ್ತಿದೆ. ಆಕ್ಸಿಲರೇಟರ್ ಕೇಬಲ್ಲೂ ಇರಬಹುದು, ಎರಡನ್ನೂ ನೋಡಿ. ಲಿವರ್ ಬಿಟ್ಟಾಗ ಚೋಕ್ ಕೇಬಲ್‌ನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಇರಬೇಕು. ಪ್ಲಗ್ ಬಿಚ್ಚಿ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಂತಲೇ ಅರ್ಥ. ಏರ್ ಫಿಲ್ಟರ್ ಕಟ್ಟಿಕೊಂಡರೂ ಹೀಗೇ ಆಗುತ್ತದೆ, ಅದನ್ನೂ ತೆಗೆದು ನೋಡಿ.

ಪ್ಲಂಜರ್ ಬಿಚ್ಚುವಾಗ ಮಾತ್ರ ಹುಷಾರು. ಕೆಲವು ಬೈಕುಗಳಲ್ಲಿ ಅದರ ನಟ್ ಪ್ಲಾಸ್ಟಿಕ್. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ಒಡೆದೇ ಹೋಗುತ್ತದೆ. ಸರಿಯಾದ ಸ್ಪ್ಯಾನರ್ ಬಳಸಿ.

ಪ್ರಶ್ನೆ (ಸಕಲೇಶಪುರ): ನನ್ನದು ಉಲ್ಟಾ ಸರ್. ಮಳೆಗಾಲ ಪೂರ್ತಿ ಬೈಕು ಶೆಡ್ಡಿನಲ್ಲೇ ನಿಂತಿತ್ತು. ಈಗ ಅರ್ಧ ಚೋಕ್ ಇಲ್ಲದಿದ್ದರೆ ಆಫ್ ಆಗುತ್ತದೆ. ಹೀಗೇ ಓಡಿಸಬಹುದಾ?

ಉತ್ತರ: ಬೇಡ. ಚೋಕ್ ಹಾಕಿಯೇ ಓಡಿಸಿದರೆ ಪ್ಲಗ್ ಕೆಡುತ್ತದೆ, ಹೆಚ್ಚಾದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಿ ಆಯಿಲ್ ತೆಳುವಾಗುತ್ತದೆ. ನಿಮ್ಮ ಚೋಕ್ ಸರಿಯಾಗಿಯೇ ಇದೆ, ಬೇರೆ ಕಡೆಯ ಕೊರತೆಯನ್ನು ಅದು ತುಂಬುತ್ತಿದೆ. ಹೆಚ್ಚಾಗಿ ಪೈಲಟ್ ಜೆಟ್, ಅಂದರೆ ಸ್ಲೋನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಕಟ್ಟಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಣ್ಣಗಿರುವಾಗ ಫ್ಲೋಟ್ ಬೌಲ್‌ನ (ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕನ್ನೂ ಖಾಲಿ ಮಾಡಿಸಿ. ಜೆಟ್‌ಗೆ ಪಿನ್ನು, ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿ ಸಾಕು. ಆಮೇಲೂ ಆಫ್ ಆದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆಯಾ ನೋಡಿಸಿ.

ಪ್ರಶ್ನೆ: ನನ್ನ ಹೊಸ ಬಿಎಸ್6 ಬೈಕಿನಲ್ಲಿ ಚೋಕೇ ಕಾಣುತ್ತಿಲ್ಲ?

ಉತ್ತರ: ಅದು ಇಂಜೆಕ್ಷನ್ ಬೈಕು ಇರಬೇಕು, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವಂಥದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳು ಹಾಗೇ. ಎಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತದೆ, ಅದರಂತೆ ಬೈಕಿನ ಕಂಪ್ಯೂಟರೇ ಪೆಟ್ರೋಲ್ ಜಾಸ್ತಿ ಬಿಡಿಸುತ್ತದೆ. ಕೀ ಆನ್ ಮಾಡಿ, ಪಂಪಿನ ಸದ್ದು ನಿಂತ ಮೇಲೆ ಸೆಲ್ಫ್ ಹೊಡೆಯಿರಿ.