ಓದುಗರ ಸ್ಪಂದನ: ಮಗಳನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಲೇ?

ಕಳೆದ ಸಂಚಿಕೆಯ ಸಮಸ್ಯೆ: ತಾತ ನಾಟಕ ಕಂಪನಿಯವರು, ಅಪ್ಪ ನಿರ್ದೇಶಕರು, ಅಮ್ಮ ಪೋಷಕ ನಟಿ. ನಾಲ್ಕರಿಂದ ಹನ್ನೊಂದನೇ ವಯಸ್ಸಿನವರೆಗೆ ನಾನೂ ಬಾಲನಟಿ. ಆ ದುಡ್ಡೆಲ್ಲ ಅಪ್ಪನ ಸ್ವಂತ ಚಿತ್ರಕ್ಕೆ ಹೋಯಿತು, ಚಿತ್ರ ಮಕಾಡೆ ಮಲಗಿತು. ಈಗ ಒಂದು ಕಚೇರಿಯಲ್ಲಿ ಲೆಕ್ಕಪತ್ರ ಬರೆಯುತ್ತೇನೆ. ನನ್ನ ಐದು ವರ್ಷದ ಮಗಳನ್ನು ಧಾರಾವಾಹಿಗೆ ಕಳಿಸು ಎಂದು ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ?

●

ತಂಗೀ, ನಾನು ಇಪ್ಪತ್ತು ವರ್ಷ ಸೆಟ್‌ಗಳಲ್ಲಿ ಮೇಕಪ್ ಮಾಡಿದವನು. ಮಗು ಅಳುವ ಶಾಟ್ ಇದ್ದರೆ ಗ್ಲಿಸರಿನ್ ಹಾಕಲು ನನ್ನನ್ನು ಕರೆಯಬೇಕು. ಎಷ್ಟೋ ಸಲ ಕರೆಯುತ್ತಿರಲಿಲ್ಲ. 'ನಿಮ್ಮಮ್ಮ ನಿನ್ನ ಬಿಟ್ಟು ಹೊರಟುಹೋದ್ಲು' ಅಂತ ಯಾರೋ ಕಿವಿಯಲ್ಲಿ ಹೇಳಿದರೆ ಮುಗಿಯಿತು, ನಿಜವಾದ ಕಣ್ಣೀರು. ಎಲ್ಲರೂ ಚಪ್ಪಾಳೆ ತಟ್ಟುವರು. ಆ ಮಗುವಿನ ತಾಯಿ ಮಾನಿಟರ್ ಹಿಂದೆಯೇ ಕೂತಿರುತ್ತಿದ್ದಳು, ಅದೂ ನಗುತ್ತಾ! ಕಲಾವಿದರ ಮನೆಯ ಮಕ್ಕಳ ಪಾಡು ಇನ್ನೂ ಕಷ್ಟ. ಬೇರೆ ಮಗು ತಪ್ಪಿದರೆ 'ಪಾಪ, ಮಗು' ಅನ್ನುತ್ತಾರೆ, ಇವರು ತಪ್ಪಿದರೆ 'ಇವರ ತಾತ ಎಂಥವರು ಗೊತ್ತಾ' ಅನ್ನುತ್ತಾರೆ. ಕಳಿಸುವುದೇ ಆದರೆ ನೀವೇ ಜೊತೆಗಿರಿ, ಅಜ್ಜಿಯನ್ನು ಕಳಿಸಬೇಡಿ.

●

ದುಡ್ಡಿನ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಕಣ್ಣಿಗೆ ಬಿದ್ದದ್ದೇ ಅದು. ಹಾಲಿವುಡ್‌ನ ಜಾಕಿ ಕೂಗನ್ ಬಾಲನಟನಾಗಿ ಲಕ್ಷಗಟ್ಟಲೆ ಡಾಲರ್ ದುಡಿದವನು. ದೊಡ್ಡವನಾದ ಮೇಲೆ ಖಾತೆ ಬರಿದಾಗಿತ್ತು. 1938ರಲ್ಲಿ ಹೆತ್ತ ತಾಯಿ, ಮಲತಂದೆಯ ಮೇಲೆಯೇ ದಾವೆ ಹೂಡಿದ. ಕೈಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್ ಮಾತ್ರ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. ನಮ್ಮಲ್ಲಿ 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ. 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿಗೆ ಠೇವಣಿಯಾಗಬೇಕು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಮೂರು ಗಂಟೆಗೂ ಹೆಚ್ಚು ಬಿಡುವಿಲ್ಲದೆ ದುಡಿಸುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. ಮಗುವಿನ ಒಪ್ಪಿಗೆ ಇಲ್ಲದೆ ನಟನೆ ಮಾಡಿಸುವಂತೆಯೇ ಇಲ್ಲ. ಐದು ವರ್ಷದ್ದು ಒಪ್ಪುವುದೆಂದರೇನು ಎಂದು ಕೇಳಬೇಡಿ, ನನಗೂ ಹೊಳೆದಿಲ್ಲ. ಶೇ. 20 ಬಿಟ್ಟು ಉಳಿದದ್ದನ್ನೂ ಮಗುವಿನ ಹೆಸರಿಗೇ ಇಡೋಣ ಎಂದು ಅಮ್ಮನಿಗೆ ಹೇಳಿ ನೋಡಿ. ಹಟ ಯಾವುದರ ಮೇಲಿತ್ತು ಎಂಬುದು ಗೊತ್ತಾಗುತ್ತದೆ.

●

ಮೇಲಿನವರೆಲ್ಲ ಹೆದರಿಸುತ್ತಿದ್ದಾರೆ. ಪುನೀತ್ ರಾಜ್‌ಕುಮಾರ್ 'ಬೆಟ್ಟದ ಹೂವು' ಚಿತ್ರಕ್ಕೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಪಡೆದು, 2002ರಲ್ಲಿ ನಾಯಕರಾಗಿ ಬರಲಿಲ್ಲವೆ? ಹಾಲಿವುಡ್‌ನ ರಾನ್ ಹೊವಾರ್ಡ್ ನಟರ ಮನೆಯಲ್ಲೇ ಹುಟ್ಟಿ, ಚಿಕ್ಕಂದಿನಿಂದ ನಟಿಸಿ, ಕೊನೆಗೆ ನಿರ್ದೇಶಕನಾಗಿ ಆಸ್ಕರ್ ಗೆದ್ದವನು. ಮನೆಯವರು ಸರಿಯಿದ್ದರೆ ಸಾಕು.

●

ಅಕ್ಕಾ, ನಾನೂ ಬಾಲನಟಿಯಾಗಿದ್ದವಳೇ. ಹಲ್ಲು ಬಿದ್ದು ಹೊಸದು ಬರುವ ಹೊತ್ತಿಗೆ ಕರೆಗಳು ನಿಂತವು, ತಪ್ಪು ನನ್ನದೇ ಅಂದುಕೊಂಡಿದ್ದೆ. ಈಗಲೂ ಎಲ್ಲಿಗೆ ಹೋದರೂ 'ಆ ಡೈಲಾಗ್ ಒಂದ್ಸಲ ಹೇಳಿ ಮೇಡಂ' ಅನ್ನುತ್ತಾರೆ. ಮೊದಲು ಮೈ ಉರಿಯುತ್ತಿತ್ತು. ಈಗ ಹೇಳಿಬಿಡುತ್ತೇನೆ, ಅರ್ಧ ನಿಮಿಷ ಹಿಡಿಯುತ್ತೆ, ಸರತಿಯಲ್ಲಿ ಮುಂದಕ್ಕೂ ಬಿಡುತ್ತಾರೆ. ಆದರೆ ನನ್ನ ಮಗನಿಗೆ ಆ ಡೈಲಾಗ್ ಇನ್ನೂ ಹೇಳಿಕೊಟ್ಟಿಲ್ಲ.