ಸಹಾಯ ಬೇಕು: ಬಿಸಿಯಾದ ಮೇಲೆ ಮಾತ್ರ ನಿಂತುಹೋಗುವ ಹಳೆಯ ಎಂಎಕ್ಸ್-5

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1.6 ಲೀಟರ್ ಇಂಜಿನ್ನಿನ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಇದೆ. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಈ ಕಾರು, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ತೆವಳಿದ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಆಫ್ ಆಗುತ್ತದೆ. ಬಾನೆಟ್ ತೆರೆದಿಟ್ಟು ಸ್ವಲ್ಪ ಹೊತ್ತು ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿಯೇ ಇರುತ್ತದೆ.

ಒಂದು ಸಂಗತಿ ಮುಖ್ಯವೆನಿಸುತ್ತದೆ. ಕಾರು ಗೇರಿನಲ್ಲೇ ಉರುಳುತ್ತಿದ್ದು ಇಂಜಿನ್ ಇನ್ನೂ ತಿರುಗುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬೀಳುತ್ತದೆ. ಪೆಟ್ರೋಲ್ ಪೂರೈಕೆಯಷ್ಟೇ ನಿಂತಿದ್ದರೆ ಮುಳ್ಳು ಇಂಜಿನ್ನಿನ ವೇಗದೊಂದಿಗೇ ಇಳಿಯಬೇಕಿತ್ತು. ಆ ಮುಳ್ಳು ಓಡುವುದು ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಸಂಕೇತದಿಂದ, ಹಾಗಾಗಿ ದೋಷ ಅದರ ಕಡೆಯದೆಂದೇ ನನ್ನ ಅನುಮಾನ. ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿ, ಬಿಸಿಗಾಳಿ ಸುಲಭವಾಗಿ ಹೊರಹೋಗದ ಜಾಗದಲ್ಲಿ, ಕಿಡಿ ಯಾವಾಗ ಬೇಕೆಂಬ ಸಂಕೇತ ಕೊಡುವ ಕ್ಯಾಮ್ ಆಂಗಲ್ ಸೆನ್ಸರ್ ಮತ್ತು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಪ್ಯಾಕ್ ಎರಡೂ ಕುಳಿತಿವೆ. ಇಂಜಿನ್ನಿನ ವಿದ್ಯುತ್ತನ್ನು ಆನ್-ಆಫ್ ಮಾಡುವ ಮೇನ್ ರಿಲೇಯ ಒಳಗಿನ ಬೆಸುಗೆ ಬಿರುಕುಬಿಟ್ಟಿದ್ದರೂ ಇದೇ ಲಕ್ಷಣ ಕಾಣಬಹುದು. ಗ್ಯಾರೇಜಿನವರು ಫ್ಯೂಯಲ್ ಪಂಪ್ ಬದಲಿಸೋಣ ಎನ್ನುತ್ತಿದ್ದಾರೆ, ಆದರೆ ಪರೀಕ್ಷಿಸದೆ ದುಬಾರಿ ಬಿಡಿಭಾಗ ತರಿಸಲು ನನಗೆ ಮನಸ್ಸಿಲ್ಲ.

ಇಂಜಿನ್ ನಿಂತ ಕ್ಷಣದಲ್ಲೇ ರಸ್ತೆಬದಿಯಲ್ಲಿ ಮಲ್ಟಿಮೀಟರ್ ಹಿಡಿದು ಸೆನ್ಸರ್, ರಿಲೇ, ಕಾಯಿಲ್ ಇವುಗಳಲ್ಲಿ ಯಾವುದನ್ನು ಮೊದಲು ನೋಡಬೇಕು? ಮನೆಯಲ್ಲೇ ಹೇರ್ ಡ್ರೈಯರಿನಿಂದ ಸೆನ್ಸರನ್ನು ಕಾಯಿಸಿ ದೋಷವನ್ನು ಹೊರಗೆಳೆದವರು ಯಾರಾದರೂ ಇದ್ದೀರಾ? ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಕಾರಿನ ಹೆಸರನ್ನೇ ಎರಡು ಸಲ ಹೇಳಿಸುತ್ತಾರೆ. ಆದ್ದರಿಂದ ಪರೀಕ್ಷೆಗಾಗಿ ಒಂದು ದಿನದ ಮಟ್ಟಿಗೆ ಸರಿಯಿರುವ ಸೆನ್ಸರ್ ಎರವಲು ಕೊಡಬಲ್ಲವರು ಬೆಂಗಳೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ.