ಮಾಂಕ್ ಒಬ್ಬರೇ ನುಡಿಸಿದ ಪಿಯಾನೊ: ಯಾವುದನ್ನು ಮೊದಲು ಕೇಳಲಿ?

ಪ್ರಶ್ನೆ:
ಮನೆಯಲ್ಲಿ ಕೇಳಿ ಬೆಳೆದದ್ದು ಕರ್ನಾಟಕ ಸಂಗೀತ. ಜಾಝ್ ನನಗೆ ಹೊಸದು. ಡ್ರಮ್ಸ್, ಸ್ಯಾಕ್ಸೊಫೋನ್ ಎಲ್ಲ ಸೇರಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಅಮೆರಿಕದ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರು ಒಬ್ಬರೇ ಪಿಯಾನೊ ನುಡಿಸಿದ್ದನ್ನು ಹಾಕಿಕೊಂಡೆ. ತುಂಬಾ ನಿಧಾನ, ನಡುನಡುವೆ ತಪ್ಪು ಕೀ ಒತ್ತಿದ ಹಾಗೆ ಕೇಳುತ್ತದೆ. ಆದರೂ ಬಿಡಲು ಮನಸ್ಸಿಲ್ಲ. ಯಾವ ರೆಕಾರ್ಡಿನಿಂದ ಶುರು ಮಾಡಲಿ? ಕೇಳಿ ಅಭ್ಯಾಸ ಇರುವವರು ಹೇಳಿ.

ಮೈಸೂರಿನ ಕೇಳುಗರೊಬ್ಬರು:
ತುಂಬಾ ನಿಧಾನ ಅಂದಿರಲ್ಲ, ನೀವು ಹಾಕಿದ್ದು 1957ರ 'ಥೆಲೋನಿಯಸ್ ಹಿಮ್‌ಸೆಲ್ಫ್' ಇರಬೇಕು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರ ಸೋಲೋ ರೆಕಾರ್ಡುಗಳಲ್ಲಿ ಮುಖ್ಯವಾದವು ನಾಲ್ಕು. 1954ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು, 1957ರದ್ದು, 1959ರ 'ಅಲೋನ್ ಇನ್ ಸ್ಯಾನ್ ಫ್ರಾನ್ಸಿಸ್ಕೊ', ಆಮೇಲೆ 1965ರಲ್ಲಿ ಬಂದ 'ಸೋಲೋ ಮಾಂಕ್'. ನನ್ನ ಸಲಹೆ ಏನೆಂದರೆ ಕೊನೆಯದರಿಂದ ಹಿಂದಕ್ಕೆ ಬನ್ನಿ.

'ಸೋಲೋ ಮಾಂಕ್' ಹಾಕಿದರೆ ಮೊದಲು ಬರುವುದು 'ಡೈನಾ'. ಎಡಗೈ ಮಾತ್ರ ಗಮನಿಸಿ. ಕೆಳಗೆ ಒಂದು ಮಂದ್ರದ ಸ್ವರ, ಮೇಲೆ ಒಂದು ಕಾರ್ಡ್ (ಒಟ್ಟಿಗೆ ಒತ್ತಿದ ಕೆಲವು ಸ್ವರಗಳು), ಮತ್ತೆ ಕೆಳಗೆ, ಮತ್ತೆ ಮೇಲೆ. ಇದಕ್ಕೆ ಸ್ಟ್ರೈಡ್ ಅಂತಾರೆ. ಮಾಂಕ್ ಚಿಕ್ಕವರಿದ್ದಾಗ ನ್ಯೂಯಾರ್ಕ್‌ನಲ್ಲಿ ಜೇಮ್ಸ್ ಪಿ. ಜಾನ್ಸನ್ ಅಂಥವರು ನುಡಿಸುತ್ತಿದ್ದ ಶೈಲಿ. ತಾಳ ಹಾಕುವವರು ಬೇರೆ ಬೇಡ, ಎಡಗೈಯೇ ಸಾಕು. ತಾಳ ಹಾಕಿ ಕೇಳುವ ಅಭ್ಯಾಸ ನಿಮಗಿರುತ್ತದೆ, ಹಾಗಾಗಿ ಹಿಡಿತ ಇಲ್ಲಿ ಬೇಗ ಸಿಗುತ್ತದೆ. ಒಮ್ಮೆ ಎಡಗೈ ಕಿವಿಯಲ್ಲಿ ಕೂತರೆ ಬಲಗೈ ಮಾಡುವ ಚೇಷ್ಟೆಗಳೆಲ್ಲ ಚೇಷ್ಟೆ ಅಂತಲೇ ಗೊತ್ತಾಗುತ್ತವೆ, ತಪ್ಪು ಅನ್ನಿಸುವುದಿಲ್ಲ.

ಕೀಬೋರ್ಡ್ ಕಲಿಸುವವರೊಬ್ಬರು:
ಆ 'ತಪ್ಪು ಕೀ' ಬಗ್ಗೆ ಎರಡು ಮಾತು. ಪಿಯಾನೊದಲ್ಲಿ ಸ್ವರ ಜಾರಿಸಲು ಆಗುವುದಿಲ್ಲ. ವೀಣೆಯಲ್ಲಿ ತಂತಿ ಎಳೆದ ಹಾಗೆ ಇಲ್ಲಿ ಏನನ್ನೂ ಎಳೆಯುವಂತಿಲ್ಲ. ಮಾಂಕ್ ಏನು ಮಾಡುತ್ತಾರೆ ಅಂದರೆ ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತುತ್ತಾರೆ. ಮನೆಯಲ್ಲಿ ಕೀಬೋರ್ಡ್ ಇದ್ದರೆ ನೀವೇ ನೋಡಿ. ನಡುವಿನ ಸಿ, ಅದರ ಎಡಕ್ಕಿರುವ ಬಿ, ಎರಡನ್ನೂ ಜೋರಾಗಿ ಒತ್ತಿ. ಕರ್ಕಶ ಅಲ್ವಾ? ಈಗ ಸಿ ಒತ್ತಿ ಹಿಡಿದುಕೊಂಡು ಬಿ ಮಾತ್ರ ಬಿಡಿ. ಆ ಗದ್ದಲದೊಳಗಿಂದ ಒಂದೇ ಸ್ವರ ಹೊರಗೆ ಬಂದು ನಿಲ್ಲುತ್ತದೆ. ಸಿ ಒಂದನ್ನೇ ಒತ್ತಿದಾಗ ಈ ಬಣ್ಣ ಬರುವುದಿಲ್ಲ. ಮಾಂಕ್ ಬೇಕೆಂದೇ ಇದನ್ನು ಮಾಡುತ್ತಾರೆ, ಅದೂ ಪ್ರತಿ ಸಲ ಸರಿಯಾದ ಜಾಗದಲ್ಲಿ.

ಅವರ ವಿಡಿಯೊ ಸಿಕ್ಕರೆ ಬೆರಳು ನೋಡಿ. ನಾವು ಮಕ್ಕಳಿಗೆ ಬೆರಳು ಬಾಗಿಸಿ ಅಂತ ಹೇಳಿಕೊಡುತ್ತೇವೆ. ಅವರದ್ದು ಚಪ್ಪಟೆ, ನೆಟ್ಟಗೆ. ಮೇಲಿಂದ ಹೊಡೆದ ಹಾಗೆ ನುಡಿಸುತ್ತಾರೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸುವುದಿಲ್ಲ, ಅದು ಬೇರೆ ವಿಷಯ.

ಬೆಂಗಳೂರಿನಿಂದ ಇನ್ನೊಬ್ಬರು:
ಬ್ಯಾಂಡ್ ಪೂರ್ತಿ ಬೇಡ ಅನ್ನಬೇಡಿ. ಒಂದೇ ಹಾಡು ಹಿಡಿದುಕೊಳ್ಳಿ, 'ರೂಬಿ, ಮೈ ಡಿಯರ್'. ಮಾಂಕ್ ಅವರದ್ದೇ ರಚನೆ. ಮೊದಲು 1947ರಲ್ಲಿ ಬ್ಲೂ ನೋಟ್ ಕಂಪನಿಗೆ ಮಾಡಿದ ರೆಕಾರ್ಡ್ ಕೇಳಿ. ಬಾಸ್ ಅನ್ನುವ ಮಂದ್ರದ ತಂತಿವಾದ್ಯ, ಡ್ರಮ್ಸ್ ಮಾತ್ರ ಜೊತೆಗಿವೆ, ಮೂರು ನಿಮಿಷದಲ್ಲಿ ಮುಗಿಯುತ್ತದೆ. ಗುನುಗುವಷ್ಟು ಬಾಯಿಗೆ ಬರಲಿ. ಆಮೇಲೆ 1959ರ ಸೋಲೋ, ಅದಾದ ಮೇಲೆ 1965ರದ್ದು. ಕೃತಿ ಗೊತ್ತಿದ್ದರೆ ಹಾಡುವವರು ಹಾಕುವ ಸಂಗತಿ (ಅದೇ ಸಾಲನ್ನು ಬದಲಿಸಿ ಹಾಡುವುದು) ತಾನಾಗಿ ಕೇಳಿಸುತ್ತದಲ್ಲ, ಇಲ್ಲೂ ಅಷ್ಟೇ. ಮೂಲ ಗೊತ್ತಿಲ್ಲದೆ ಸೋಲೋ ಕೇಳಿದರೆ ಯಾವುದು ಹಾಡು, ಯಾವುದು ಅವರು ಸೇರಿಸಿದ್ದು ಅಂತ ತಿಳಿಯುವುದೇ ಇಲ್ಲ.

ಧಾರವಾಡದಿಂದ:
1957ರದ್ದನ್ನು ಪಕ್ಕಕ್ಕಿಡಿ ಅಂದವರ ಮಾತು ನಾನು ಒಪ್ಪುವುದಿಲ್ಲ. ನಿಧಾನ ಹೌದು. 'ಐ ಶುಡ್ ಕೇರ್' ಅಲ್ಲಂತೂ ಒಂದು ಕಾರ್ಡ್ ಒತ್ತಿ, ಅದು ಅಡಗುವ ತನಕ ಕಾಯುತ್ತಾರೆ. ಆದರೆ ವಿಳಂಬಿತ ಕೇಳಿದವರಿಗೆ, ಆಲಾಪನೆ ಕೇಳಿದವರಿಗೆ ಅದು ಕಷ್ಟವೇ? ವೇಗದ ಜಾಝ್‌ಗಿಂತ ಇದೇ ನಮಗೆ ಹತ್ತಿರ.

ಇನ್ನೊಂದು, ಆ ಆಲ್ಬಮ್ಮಿನ ಮರುಮುದ್ರಣದಲ್ಲಿ ''ರೌಂಡ್ ಮಿಡ್‌ನೈಟ್' ತಯಾರಾಗುತ್ತಿದ್ದದ್ದನ್ನೇ ಹಾಕಿದ್ದಾರೆ. ಸುಮಾರು 22 ನಿಮಿಷ ಇದೆ. ನುಡಿಸುತ್ತಾರೆ, ನಿಲ್ಲಿಸುತ್ತಾರೆ, ಅದೇ ತುಂಡನ್ನು ಇನ್ನೊಂದು ಕಾರ್ಡ್ ಹಾಕಿ ನೋಡುತ್ತಾರೆ, ಮತ್ತೆ ಮೊದಲಿನಿಂದ. ಅದು ಅವರದ್ದೇ ರಚನೆ, 1944ರಲ್ಲೇ ಕೂಟಿ ವಿಲಿಯಮ್ಸ್ ಅವರ ಬ್ಯಾಂಡ್ ರೆಕಾರ್ಡ್ ಮಾಡಿತ್ತು. ಹತ್ತು ವರ್ಷಕ್ಕಿಂತ ಹಳೆಯ ಸ್ವಂತ ಹಾಡನ್ನು ಇಷ್ಟು ತಡಕಾಡುತ್ತಾರೆ. ತಪ್ಪು ಕೀ ಅನ್ನುವವರು ಇದನ್ನು ಪೂರ್ತಿ ಕೇಳಲಿ. ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಎಲ್ಲ ಕಿವಿಗೇ ಬೀಳುತ್ತದೆ.

ಮೈಸೂರಿನವರೇ ಮತ್ತೆ:
ಒಪ್ಪಿದೆ, ಆದರೆ 22 ನಿಮಿಷದ್ದು ಮೊದಲ ವಾರಕ್ಕೆ ಬೇಡ! ಇನ್ನೊಂದು ವಿಷಯ, ಆ ಆಲ್ಬಂ ಪೂರ್ತಿ ಸೋಲೋ ಅಲ್ಲ. ಕೊನೆಯ 'ಮಾಂಕ್ಸ್ ಮೂಡ್' ಹಾಡಿನಲ್ಲಿ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ಇದೆ, ಬಾಸ್ ಇದೆ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೊಬ್ಬರು:
1957ರ ಹೊತ್ತಿಗೆ ಮಾಂಕ್ ಅವರ ಬದುಕಿನಲ್ಲಿ ಏನಾಗುತ್ತಿತ್ತು ಅಂತ ಗೊತ್ತಿದ್ದರೆ ಒಳ್ಳೆಯದು. 1951ರಲ್ಲಿ ಗೆಳೆಯ ಬಡ್ ಪವೆಲ್ ಜೊತೆ ಕಾರಿನಲ್ಲಿದ್ದಾಗ ಪೊಲೀಸರಿಗೆ ಮಾದಕ ವಸ್ತು ಸಿಕ್ಕಿತು. ಮಾಂಕ್ ಗೆಳೆಯನ ವಿರುದ್ಧ ಬಾಯಿ ಬಿಡಲಿಲ್ಲ. ಅವರ ಕ್ಯಾಬರೆ ಕಾರ್ಡ್ ಎಂಬ ಪರವಾನಗಿ ಚೀಟಿ ಹೋಯಿತು. ನ್ಯೂಯಾರ್ಕ್‌ನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಪೊಲೀಸರು ಕೊಡುವ ಆ ಕಾರ್ಡ್ ಬೇಕೇ ಬೇಕಿತ್ತು. ಜಾಝ್ ಅಂದರೆ ಕ್ಲಬ್ಬೇ, ಅಂದಮೇಲೆ ಹೊಟ್ಟೆಪಾಡಿಗೆ ಏನು ಮಾಡಬೇಕು? ಸುಮಾರು ಆರು ವರ್ಷ ಹೀಗೆ. 1955ರಲ್ಲಿ ರಿವರ್‌ಸೈಡ್ ಕಂಪನಿ ಅವರನ್ನು ಹಿಂದಿನ ಕಂಪನಿಯ ಒಪ್ಪಂದದಿಂದ ಬಿಡಿಸಿಕೊಂಡಿತು. ಕೊಟ್ಟ ದುಡ್ಡು ಎಷ್ಟು ಗೊತ್ತೇ? 108 ಡಾಲರ್ 27 ಸೆಂಟ್. ಅವರ ಬೆಲೆ ಆಗ ಅಷ್ಟೇ ಅಂತ ಮಾರುಕಟ್ಟೆ ತೀರ್ಮಾನಿಸಿತ್ತು.

'ಹಿಮ್‌ಸೆಲ್ಫ್' ರೆಕಾರ್ಡ್ ಆದದ್ದು 1957ರ ಏಪ್ರಿಲ್‌ನಲ್ಲಿ. ಅದೇ ವರ್ಷ ಬೇಸಿಗೆಯಲ್ಲಿ ಕ್ಯಾಬರೆ ಕಾರ್ಡ್ ಕೈಗೆ ಬಂದು, ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದರು. ಜನ ಮುಗಿಬಿದ್ದದ್ದು ಆಗ. 1964ರಲ್ಲಿ 'ಟೈಮ್' ಪತ್ರಿಕೆಯ ಮುಖಪುಟಕ್ಕೂ ಬಂದರು. ಹಾಗಾಗಿ 1957ರ ಸೋಲೋ, 1965ರ ಸೋಲೋ ಎರಡೂ ಬೇರೆ ಬೇರೆ ಮನುಷ್ಯ ನುಡಿಸಿದ ಹಾಗೆ ಕೇಳಿಸಿದರೆ ಆಶ್ಚರ್ಯ ಇಲ್ಲ. 1970ರ ದಶಕದ ನಡುವಿನಲ್ಲಿ ವೇದಿಕೆ ಬಿಟ್ಟು, ನಮ್ಮ ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ಪನ್ನೋನಿಕಾ ಎಂಬ ಗೆಳತಿಯ ಮನೆಯಲ್ಲಿ ಉಳಿದರು. ಮನೆಯಲ್ಲಿ ಪಿಯಾನೊ ಇದ್ದರೂ ಹೆಚ್ಚುಕಡಿಮೆ ಮುಟ್ಟಲಿಲ್ಲ. 1982ರಲ್ಲಿ ತೀರಿಕೊಂಡರು.

ಬೆಂಗಳೂರಿನವರು:
ಹುಡುಕುವಾಗ ಒಂದು ಎಚ್ಚರಿಕೆ. ಆ್ಯಪ್‌ಗಳಲ್ಲಿ ಅದೇ ಹಾಡು ಹತ್ತಾರು ಸಂಗ್ರಹಗಳಲ್ಲಿ ಇರುತ್ತದೆ, ವರ್ಷ ಅಂತ ತೋರಿಸುವುದು ಮರುಮುದ್ರಣದ್ದು. ಸುಮ್ನೆ ಹೆಸರು ನೋಡಿ ಒತ್ತಬೇಡಿ, ಆಲ್ಬಮ್ಮಿನ ಹೆಸರಿನಿಂದಲೇ ಹೋಗಿ. ಪ್ಯಾರಿಸ್‌ನದ್ದಂತೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಅದರ ಧ್ವನಿ ಸ್ವಲ್ಪ ಮಂಕು, ಮೊಬೈಲ್ ಸ್ಪೀಕರಿನಲ್ಲಿ ಏನೂ ಸಿಗುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೌದು, ಹಾಕಿದ್ದು 1957ರದ್ದೇ. 'ರೂಬಿ' ಮೂರೂ ಸಾಲಾಗಿ ಹಾಕಿಟ್ಟಿದ್ದೇನೆ. 1965ರ ನಂತರ ಸೋಲೋ ಇಲ್ಲವೇ?

ಕೀಬೋರ್ಡ್ ಕಲಿಸುವವರು:
ಇದೆ. 1971ರ ನವೆಂಬರ್‌ನಲ್ಲಿ ಲಂಡನ್‌ನಲ್ಲಿ ಬ್ಲಾಕ್ ಲಯನ್ ಕಂಪನಿಗೆ ಮಾಡಿದ್ದು. ಕೆಲವು ಸೋಲೋ, ಕೆಲವು ಬಾಸ್, ಡ್ರಮ್ಸ್ ಜೊತೆ. ಅದರಲ್ಲಿ 'ಟ್ರಿಂಕಲ್ ಟಿಂಕಲ್' ಸೋಲೋ ಕೇಳಿ. ಬೆರಳಿಗೆ ಬಹಳ ಕಷ್ಟದ ಹಾಡು, ನಾನು ಇನ್ನೂ ಅರ್ಧಕ್ಕೇ ನಿಲ್ಲಿಸುತ್ತೇನೆ. ಆದರೆ ಅವಸರ ಬೇಡ, 'ರೂಬಿ' ಮುಗಿಯಲಿ.